ಬೈಪಾಸಿನಲ್ಲಿ ಇಳಿದವನು

ಮಂಡ್ಯ ಸೀಮೆಯಲ್ಲಿ ಹೊಸಬನೊಬ್ಬ ಬಸ್ಸಿಳಿದು ಟೀ ಅಂಗಡಿ ಮುಂದೆ ನಿಂತರೆ ಲೋಟ ಖಾಲಿಯಾಗುವಷ್ಟರಲ್ಲಿ ಮೂರು ಪ್ರಶ್ನೆ ಬಂದಿರುತ್ತವೆ. ಯಾವೂರಾಯ್ತು? ಇಲ್ಲಿ ಯಾರ ಮನೆಗೆ? ಏನ್ ಕೆಲಸ? ನಾಲ್ಕನೆಯದು, ಜಾತಿಯದು, ಬಾಯಲ್ಲಿ ಬರುವುದಿಲ್ಲ. ಮೊದಲ ಮೂರಕ್ಕೆ ಸಿಕ್ಕ ಉತ್ತರದಿಂದ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಗೊತ್ತುಗುರಿಯಿಲ್ಲದೆ ಅಲೆಯುವ ಒಬ್ಬ ಕೆಟ್ಟುಹೋದ ಸಣ್ಣ ಊರಿಗೆ ಬಂದು, ಅಲ್ಲಿನ ಕೊಳೆಯನ್ನು ಕೆದಕಿ, ಪೆಟ್ಟು ತಿಂದು, ತಿರುಗಿ ಕೊಟ್ಟು ಹೊರಟುಹೋಗುವ ಸಿನಿಮಾ ಜಗತ್ತಿನಲ್ಲೆಲ್ಲ ಇದೆ. ಆ ಸಿನಿಮಾದ ಮೊದಲ ಅರ್ಧ ಗಂಟೆ ನಿಂತಿರುವುದೇ ಆ ಅಪರಿಚಿತ ತಾನು ಯಾರೆಂದು ಹೇಳದೆ ಇರುವುದರ ಮೇಲೆ. ನಮ್ಮಲ್ಲಿ ಹೇಳದೆ ಇರಲು ಯಾರೂ ಬಿಡುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಇಂಥ ಥ್ರಿಲ್ಲರನ್ನು ಮಂಡ್ಯ, ಮೈಸೂರು ಕಡೆ ಮಾಡಹೊರಟ ಹುಡುಗರು ಸಾಮಾನ್ಯವಾಗಿ ಎಡವುವುದು ಕ್ಯಾಮೆರಾ ವಿಷಯದಲ್ಲಲ್ಲ, ಇಲ್ಲಿಯೇ.

ಈ ಬಗೆಯ ಕತೆಗೆ ವಯಸ್ಸಾಗಿದೆ. ಅಮೆರಿಕದ ಲೇಖಕ ಡ್ಯಾಶಿಯಲ್ ಹ್ಯಾಮೆಟ್ 1929ರಲ್ಲಿ ಪ್ರಕಟಿಸಿದ 'ರೆಡ್ ಹಾರ್ವೆಸ್ಟ್' ಕಾದಂಬರಿಯಲ್ಲಿ ಗಣಿ ಊರಿಗೆ ಬಂದ ಹೆಸರಿಲ್ಲದ ಪತ್ತೇದಾರ ಅಲ್ಲಿನ ಗುಂಪುಗಳನ್ನು ಒಂದಕ್ಕೊಂದು ತಂದಿಟ್ಟು ಮುಗಿಸುತ್ತಾನೆ. 1961ರಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ 'ಯೋಜಿಂಬೊ'ದಲ್ಲಿ ಒಂಟಿ ಸಮುರಾಯ್‌ನನ್ನು ಎರಡು ಬಣಗಳ ನಡುವೆ ನಿಲ್ಲಿಸಿದರು. 1964ರಲ್ಲಿ ಸೆರ್ಜಿಯೊ ಲಿಯೋನೆ ಅದನ್ನೇ ಸ್ಪೇನಿನ ಒಣನೆಲಕ್ಕೆ ಎತ್ತಿಕೊಂಡು ಹೋದರು. ನಮ್ಮಲ್ಲೂ ಇದೆ. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' 1978ರದು, ಶಂಕರ್‌ನಾಗ್ ತೆರೆಗೆ ಬಂದ ಮೊದಲ ಚಿತ್ರ. ಅದರ ನಾಯಕ ಗಂಡುಗಲಿ ಯಾವ ಊರಿನವನೂ ಅಲ್ಲದ ಬಾಡಿಗೆ ಯೋಧ. ಕನ್ನಡದಲ್ಲಿ ಈ ದಾರಿಯನ್ನು ಆಮೇಲೆ ಹೆಚ್ಚು ಜನ ತುಳಿಯದಿದ್ದದ್ದು ನಷ್ಟವೆಂದೇ ನನಗೆ ಅನ್ನಿಸುತ್ತದೆ. ನಮ್ಮ ನಾಯಕರಿಗೆ ಮನೆ, ತಾಯಿ, ಊರ ಹಬ್ಬ ಎಲ್ಲ ಬೇಕಾಯಿತು. ಅವೆಲ್ಲಕ್ಕೂ ಸೆಟ್ಟು ಬೇಕು, ಜನ ಬೇಕು, ದುಡ್ಡು ಬೇಕು. ಅಲೆಮಾರಿಗೆ ಒಂದು ಚೀಲ ಸಾಕು.

ದುಡ್ಡಿನ ಮಾತು ಬಂದಾಗಲೆಲ್ಲ ಎಲ್ಲರೂ ಎತ್ತುವ ಹೆಸರು 1992ರ 'ಎಲ್ ಮಾರಿಯಾಚಿ'. ರಾಬರ್ಟ್ ರೋಡ್ರಿಗೆಜ್ ಅದನ್ನು ಮೆಕ್ಸಿಕೋದ ಗಡಿ ಊರೊಂದರಲ್ಲಿ ಸುಮಾರು 7,000 ಡಾಲರಿನಲ್ಲಿ ತೆಗೆದರು. ಕ್ಯಾಮೆರಾ ಟ್ರಾಲಿ ಬದಲು ಗಾಲಿಕುರ್ಚಿ. ಹೆಚ್ಚಿನ ಶಾಟಿಗೆ ಒಂದೇ ಟೇಕು. ಮಾತನ್ನು ಶಾಟ್ ಮುಗಿದ ಮೇಲೆ ಕ್ಯಾಸೆಟ್ ರೆಕಾರ್ಡರಿಗೆ ಹೇಳಿಸಿ ಆಮೇಲೆ ಕೈಯಲ್ಲಿ ಹೊಂದಿಸಿದರು, ತುಟಿ ತಪ್ಪಿದ ಕಡೆ ಬೇರೆ ಶಾಟಿಗೆ ಕತ್ತರಿಸಿದರು. ಆ ಚಿತ್ರದ ಚುರುಕು ಹುಟ್ಟಿದ್ದೇ ಆ ಕತ್ತರಿಯಿಂದ. ಆದರೆ ಕತೆಯ ಉಳಿದರ್ಧವನ್ನೂ ಹೇಳಬೇಕು: ಅದನ್ನು ಚಿತ್ರಮಂದಿರಕ್ಕೆ ತರುವಾಗ ಕೊಲಂಬಿಯಾ ಸಂಸ್ಥೆ ಧ್ವನಿಗೆ, ಪ್ರಿಂಟಿಗೆ ಆ 7,000ದ ಎಷ್ಟೋ ಪಟ್ಟು ಹಣ ಸುರಿಯಿತು. ಶೂಟಿಂಗ್ ಮುಗಿದ ದಿನ ಕೈ ಖಾಲಿಯಾದರೆ ಸಿನಿಮಾ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ. ಒಟ್ಟು ಹಣದ ಮೂರರಲ್ಲಿ ಒಂದು ಪಾಲನ್ನು ಸಂಕಲನ, ಧ್ವನಿ, ಬಣ್ಣ ತಿದ್ದುವಿಕೆಗೆ ಮೊದಲ ದಿನವೇ ಬೇರೆ ಖಾತೆಯಲ್ಲಿ ಇಟ್ಟು ಮುಟ್ಟದಿರುವುದು ಒಳ್ಳೆಯದು.

ನಾನು ಹೇಳಬೇಕೆಂದಿರುವುದು ಇಷ್ಟು: ಇಂಥ ಚಿತ್ರವನ್ನು ಎತ್ತಿ ನಿಲ್ಲಿಸುವುದು ಹೊಡೆದಾಟವಲ್ಲ, ಊರಿನಲ್ಲಿ ನಡೆಯುವ ಒಂದು ಕಳ್ಳತನ. ಒಂದೇ ಕಳ್ಳತನ. ಅದು ಹೇಗೆ ನಡೆಯುತ್ತದೆಂದು ಕ್ಯಾಮೆರಾಕ್ಕೆ ಕಾಣಬೇಕು, ಎಷ್ಟು ದುಡ್ಡು ಎಂದು ನೋಡುವವನಿಗೆ ಬೆರಳೆಣಿಕೆಯಲ್ಲಿ ಸಿಗಬೇಕು. ಮರಳು ಮಾಫಿಯಾ, ಗಾಂಜಾ, ರೌಡಿ ಶಾಸಕ, ಭೂಗಳ್ಳ ಎಲ್ಲರನ್ನೂ ಒಟ್ಟಿಗೆ ತುಂಬಿದ ಸ್ಕ್ರಿಪ್ಟುಗಳಲ್ಲಿ ಊರು ಕೆಟ್ಟಿದೆ ಎಂದು ಪಾತ್ರಗಳು ಹೇಳುತ್ತಲೇ ಇರುತ್ತವೆ. ಕೆಟ್ಟದ್ದು ಮಾತ್ರ ಕಾಣುವುದಿಲ್ಲ.

ಮಂಡ್ಯಕ್ಕೆ ಹೊಂದುವ ಕಳ್ಳತನ ಯಾವುದು? ಕಬ್ಬಿನ ತೂಕ. ಒಂದು ಕಾಲ್ಪನಿಕ ಖಾಸಗಿ ಕಾರ್ಖಾನೆ, ಅದರ ಗೇಟಿನಲ್ಲಿ ವಾಹನ ಸಮೇತ ತೂಗುವ ಒಂದು ವೇಬ್ರಿಡ್ಜ್. ಲೋಡು ಟ್ರ್ಯಾಕ್ಟರ್ ಹತ್ತುತ್ತದೆ, ಭರ್ತಿ ತೂಕ. ಇಳಿಸಿ ಬರುವಾಗ ಮತ್ತೆ ಹತ್ತುತ್ತದೆ, ಖಾಲಿ ತೂಕ. ಕಳೆದು ಉಳಿದದ್ದು ರೈತನ ಕಬ್ಬು. ಲೋಡಿಗೆ 300 ಕಿಲೋ ತಿಂದರೆ ಯಾರಿಗೂ ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೆ 200 ಲೋಡು ಬಂದರೆ 60 ಟನ್. 2024-25ರ ಹಂಗಾಮಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯೆಂದು ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ 10.25 ಶೇಕಡಾ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 340 ರೂಪಾಯಿ, ಅಂದರೆ ಟನ್ನಿಗೆ 3,400. ದಿನಕ್ಕೆ ಎರಡು ಲಕ್ಷದ ನಾಲ್ಕು ಸಾವಿರ. 120 ದಿನ ಅರೆದರೆ ಎರಡೂವರೆ ಕೋಟಿಗೆ ಸ್ವಲ್ಪ ಕಡಿಮೆ. ಒಬ್ಬ ಮನುಷ್ಯನನ್ನು ನಾಲೆಗೆ ತಳ್ಳಲು ಈ ಮೊತ್ತ ಸಾಕು ಎಂದು ಪ್ರೇಕ್ಷಕ ತಾನೇ ತೀರ್ಮಾನಿಸುತ್ತಾನೆ. ಖಳ ಎದ್ದು ನಿಂತು ಭಾಷಣ ಮಾಡಬೇಕಿಲ್ಲ.

ತೂಕ ಹೇಗೆ ತಿನ್ನುತ್ತಾರೆ ಎಂಬುದನ್ನೂ ತೋರಿಸಬಹುದು. ವೇಬ್ರಿಡ್ಜಿನ ಹಲಗೆ ಕೆಳಗೆ ಭಾರ ಅಳೆಯುವ ಲೋಡ್ ಸೆಲ್‌ಗಳಿರುತ್ತವೆ. ಅವುಗಳ ತಂತಿಗಳೆಲ್ಲ ಒಂದು ಜಂಕ್ಷನ್ ಬಾಕ್ಸಿಗೆ ಬಂದು, ಅಲ್ಲಿಂದ ತೂಕದ ಅಂಕಿ ತೋರಿಸುವ ಒಳಗಿನ ಇಂಡಿಕೇಟರಿಗೆ ಹೋಗುತ್ತವೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಬಾಕ್ಸಿನೊಳಗೆ ಒಂದು ಚಿಪ್ ಸೇರಿಸಿ, ಜೇಬಿನಲ್ಲಿರುವ ರಿಮೋಟಿನಿಂದ ಬೇಕಾದ ಲೋಡಿಗೆ ಮಾತ್ರ ತೂಕ ಇಳಿಸಿದರೆ, ತಪಾಸಣೆಯವರು ಬಂದ ದಿನ ಯಂತ್ರ ಸತ್ಯಹರಿಶ್ಚಂದ್ರನಂತೆ ನಿಲ್ಲುತ್ತದೆ. ಇದರ ಸಾಕ್ಷಿ ಎರಡು ಚೀಟಿ. ಅದೇ ಟ್ರ್ಯಾಕ್ಟರು, ಅದೇ ಕಬ್ಬು, ದಾರಿಯಲ್ಲಿನ ಬೇರೆ ವೇಬ್ರಿಡ್ಜಿನ ಚೀಟಿ ಒಂದು, ಕಾರ್ಖಾನೆಯ ಚೀಟಿ ಒಂದು. ಅಂಗೈಯಷ್ಟು ಕಾಗದಕ್ಕಾಗಿ ಮೂರು ಜನ ಹೊಡೆದಾಡುವುದನ್ನು ತೆಗೆಯಲು ಕ್ರೇನ್ ಬೇಡ. ಒಂದು ಎಚ್ಚರಿಕೆ: ಥರ್ಮಲ್ ಕಾಗದದ ಚೀಟಿ ಬಿಸಿಲಿಗೆ, ಬೆವರಿಗೆ ಮಾಸುತ್ತದೆ. ಕತೆಗೆ ಅದು ವರ, ಶೂಟಿಂಗಿಗೆ ಶಾಪ. ಮೂವತ್ತು ಪ್ರತಿ ಮುದ್ರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ಕಬ್ಬು ಇನ್ನೊಂದು ಉಪಕಾರ ಮಾಡುತ್ತದೆ. ಕತೆಗೆ ಗಡಿಯಾರವನ್ನು ಅದೇ ಒದಗಿಸುತ್ತದೆ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕುಸಿಯುತ್ತದೆ. ಹಾಗಾಗಿ ಎದುರು ಮಾತಾಡಿದ ರೈತನನ್ನು ಹೊಡೆಯುವುದೇ ಬೇಡ, ಅವನ ಟ್ರ್ಯಾಕ್ಟರನ್ನು ಸರದಿಯಲ್ಲಿ ಎರಡು ದಿನ ನಿಲ್ಲಿಸಿದರೆ ಸಾಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15 ಶೇಕಡಾ ಬಡ್ಡಿ ಸೇರಬೇಕು. ಆ ಹದಿನಾಲ್ಕು ದಿನವನ್ನೇ ಸಿನಿಮಾದ ಕಾಲಾವಧಿ ಮಾಡಿಕೊಳ್ಳಬಹುದು.

ಇನ್ನು ಅಧಿಕಾರ ಯಾರ ಕೈಲಿ? ಇಂಥ ಅಮೆರಿಕದ ಚಿತ್ರಗಳಲ್ಲಿ ಖಳ ಎಷ್ಟೋ ಸಲ ಶೆರಿಫ್, ಎಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಅಲ್ಲಿ ಹೆಚ್ಚಿನ ಕೌಂಟಿಗಳಲ್ಲಿ ಶೆರಿಫ್ ಓಟು ಪಡೆದು ಬರುವವನು, ಅದೇ ಮಣ್ಣಿನವನು, ಅಲ್ಲೇ ಇರುವವನು. ಇದನ್ನು ಹಾಗೇ ತಂದು ನಮ್ಮ ಸಬ್ ಇನ್ಸ್‌ಪೆಕ್ಟರಿಗೆ ತೊಡಿಸಿದರೆ ಕತೆ ಸುಳ್ಳಾಗುತ್ತದೆ. ನಮ್ಮ ಎಸ್‌ಐ ವರ್ಗಾವಣೆಯ ಮನುಷ್ಯ. ಬಾಡಿಗೆ ಮನೆ, ಬೇರೆ ಜಿಲ್ಲೆಯಲ್ಲಿ ಹೆಂಡತಿ ಮಕ್ಕಳು, ಮೇಜಿನ ಡ್ರಾಯರಿನಲ್ಲಿ ಮುಂದಿನ ಪೋಸ್ಟಿಂಗಿನ ಚಿಂತೆ. ಒಂದು ಲೆಕ್ಕದಲ್ಲಿ ಅವನೂ ಅಲೆಮಾರಿಯೇ. ಊರಲ್ಲಿ ಖಾಯಂ ಆಗಿರುವವರು ಬೇರೆ: ಕಬ್ಬು ಸಾಗಣೆ ಗುತ್ತಿಗೆದಾರ, ಸೊಸೈಟಿ ಅಧ್ಯಕ್ಷ, ಮೂರು ಅವಧಿ ಗೆದ್ದ ಲೀಡರು. ಇಬ್ಬರು ಅಲೆಮಾರಿಗಳನ್ನು, ಒಬ್ಬ ಖಾಕಿಯಲ್ಲಿ, ಇನ್ನೊಬ್ಬ ಲುಂಗಿಯಲ್ಲಿ, ಲಾಕಪ್ಪಿನ ಸರಳಿನ ಎರಡು ಕಡೆ ಕೂರಿಸಿದರೆ ಬರುವ ದೃಶ್ಯವನ್ನು ಯಾವ ಹಾಲಿವುಡ್ ಚಿತ್ರದಿಂದಲೂ ಎರವಲು ತರಬೇಕಾಗಿಲ್ಲ.

ಆ ಲಾಕಪ್ಪಿಗೆ ಅವನು ಹೇಗೆ ಬಂದ? 2024ರ 'ರೆಬೆಲ್ ರಿಡ್ಜ್' ಚಿತ್ರದ ಗಟ್ಟಿತನವೆಲ್ಲ ಒಂದು ಕಾನೂನಿನಲ್ಲಿದೆ. ಬಂಧುವನ್ನು ಜಾಮೀನಿನ ಮೇಲೆ ಬಿಡಿಸಲು ತಂದ ಹಣವನ್ನು ಪೊಲೀಸರು ಅನುಮಾನದ ಹೆಸರಲ್ಲಿ ಕಿತ್ತುಕೊಳ್ಳುತ್ತಾರೆ, ಅಲ್ಲಿ ಅದಕ್ಕೆ ಕಾನೂನಿನ ಅವಕಾಶವಿದೆ. ಅದು ಸಣ್ಣ ಬಜೆಟ್ಟಿನ ಚಿತ್ರವಲ್ಲ, ಆದರೆ ಕಲಿಯಬೇಕಾದದ್ದು ಅದನ್ನೇ. ನಮ್ಮ ಕಾನೂನಿನಲ್ಲೂ ಇಂಥ ಬಾಗಿಲುಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಂ ಪ್ರಕಾರ ಅಪರಾಧ ತಡೆಯುವ ಕಾರಣ ಕೊಟ್ಟು ವಾರಂಟ್ ಇಲ್ಲದೆ ಹಿಡಿಯಬಹುದು, 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 128ನೇ ಕಲಂ, ಹಿಂದಿನ ಸಿಆರ್‌ಪಿಸಿಯ 109, ಗುರುತು ಮರೆಸಿಕೊಂಡು ಅಪರಾಧಕ್ಕೆ ಹೊಂಚುಹಾಕುತ್ತಿದ್ದಾನೆ ಎಂಬ ಅನುಮಾನದವನಿಂದ ಸನ್ನಡತೆಯ ಬಾಂಡ್ ಬರೆಸಿಕೊಳ್ಳಲು. ಅದನ್ನು ಬರೆಸಿಕೊಳ್ಳುವವರು ಕಾರ್ಯನಿರ್ವಾಹಕ ದಂಡಾಧಿಕಾರಿ, ಎಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರ್. ಬಾಂಡಿಗೆ ಜಾಮೀನುದಾರ ಬೇಕೆಂದರೆ ಪಹಣಿ ಹಿಡಿದು ಊರಿನವರೇ ಯಾರಾದರೂ ಬರಬೇಕು.

ಇಲ್ಲಿದೆ ನೋಡಿ ನಮ್ಮ ಸಿನಿಮಾದ ನಡುಬಿಂದು. ಯಾರೂ ಇಲ್ಲದವನಿಗೆ ಯಾರು ಜಾಮೀನು ನಿಲ್ಲುತ್ತಾರೆ? ನಿಂತವರು ಅವತ್ತಿನಿಂದ ಲೀಡರಿನ ಎದುರಾಳಿ. ಮೆಸ್ ನಡೆಸುವ ವಿಧವೆಯೊಬ್ಬಳು ನಿಲ್ಲಲು ಒಪ್ಪುತ್ತಾಳೆ ಅಂದುಕೊಳ್ಳಿ. ಗಂಡ ಸತ್ತು ವರ್ಷ ಕಳೆದರೂ ಪೌತಿ ಖಾತೆ ಆಗದೆ ಪಹಣಿಯಲ್ಲಿ ಇನ್ನೂ ಅವನದೇ ಹೆಸರು. ಹಾಗಾಗಿ ಅವಳ ಸಹಿ ನಡೆಯುವುದಿಲ್ಲ. ಖಾತೆ ತಡೆದವರು ಯಾರು, ಯಾಕೆ ಎಂಬ ಪ್ರಶ್ನೆ ಮತ್ತೆ ವೇಬ್ರಿಡ್ಜಿಗೇ ಕರೆದೊಯ್ಯುತ್ತದೆ. ಒಂದು ಮೇಜು, ಮೂರು ಜನ, ಒಂದು ಪಹಣಿ. ಅರ್ಧ ದಿನದ ಶೂಟಿಂಗು. ನಾಯಕಿಯನ್ನು ಖಳನ ಗೋದಾಮಿನಲ್ಲಿ ಕಟ್ಟಿಹಾಕುವ ಹಳೆಯ ಅಭ್ಯಾಸಕ್ಕಿಂತ ಈ ಸಹಿ ನೂರು ಪಾಲು ಬಿಗಿಯಾದದ್ದು.

ಮೊದಲ ತೊಡಕಿಗೆ ಬರೋಣ. ಮಂಡ್ಯದಲ್ಲಿ ಯಾರು ಅಪರಿಚಿತನಾಗಿ ಉಳಿಯಬಲ್ಲ? ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಮೇಸ್ತ್ರಿಯ ಮುಂಗಡ ಪಡೆದು ಬರುವ ಗ್ಯಾಂಗಿನವನು. ತಿರುಚೆಂಗೋಡಿನ ಬೋರ್‌ವೆಲ್ ಲಾರಿಯ ಹುಡುಗ. ಆಲೆಮನೆಯಲ್ಲಿ ದುಡಿಯುವ ಉತ್ತರ ಭಾರತದವನು. ಇವರನ್ನು ಊರು ದಿನವೂ ನೋಡುತ್ತದೆ, ಆದರೆ ಹೆಸರು ಕೇಳುವುದಿಲ್ಲ. 'ಗ್ಯಾಂಗಿನವ್ರು' ಎಂಬ ಒಂದೇ ಮಾತಿನಲ್ಲಿ ಪ್ರಶ್ನೆ ಮುಗಿಯುತ್ತದೆ. ನಾಯಕನಿಗೆ ಒಂದು ಕಸುಬು ಕೊಡಿ, ಆ ಕಸುಬೇ ಅವನಿಗೆ ಮುಸುಕು. ಹಿಂದೆ ಲೋಡ್ ಸೆಲ್ ರಿಪೇರಿ ಮಾಡುತ್ತಿದ್ದವನು ಈಗ ಯಾವುದೋ ಕಾರಣಕ್ಕೆ ಗ್ಯಾಂಗಿನೊಡನೆ ಕಬ್ಬು ಕಡಿಯುತ್ತಿದ್ದರೆ, ಟ್ರ್ಯಾಕ್ಟರಿನ ಮೇಲೆ ಕೂತು ಒಮ್ಮೆ ವೇಬ್ರಿಡ್ಜ್ ಹತ್ತಿಳಿದಾಗಲೇ ಅವನಿಗೆ ಅನುಮಾನ ಬರುತ್ತದೆ. ಮಾತು ಬೇಡ, ಇಂಡಿಕೇಟರಿನ ಕೆಂಪಂಕಿಯ ಮೇಲೆ ನಿಂತ ಅವನ ಕಣ್ಣು ಸಾಕು. ಭಾಷೆಯೂ ಕೆಲಸ ಮಾಡುತ್ತದೆ. "ಉಂಡ್ಕಂಡು ಒಂಟೋಗಪ್ಪ, ಬೆಳಿಗ್ಗೆ ಆರೂವರೆಗೆ ಬಸ್ಸದೆ" ಎಂದು ಲೀಡರು ಮೆತ್ತಗೆ ಹೇಳಿದಾಗ "ಯಾಕ್ರೀ, ನಾ ಏನ್ ಮಾಡೀನ್ರೀ?" ಎಂಬ ಉತ್ತರ ಬಂದರೆ ಇಬ್ಬರ ನಡುವಿನ ದೂರ ನಾಲ್ಕು ನೂರು ಕಿಲೋಮೀಟರು ಎಂದು ಕನ್ನಡಿಗನಿಗೆ ಬೇರೆ ಹೇಳಬೇಕಿಲ್ಲ. ಬಳ್ಳಾರಿ ಗ್ಯಾಂಗಿನ ವಾಹನಕ್ಕೆ ಕೆಎ-34, ಊರ ವಾಹನಗಳಿಗೆ ಕೆಎ-11, ನಾಗಮಂಗಲ ಕಡೆಯದಾದರೆ ಕೆಎ-54. ಫಲಕ ತಪ್ಪಿದರೆ ಮಂಡ್ಯದ ಪ್ರೇಕ್ಷಕ ಅಲ್ಲೇ ಕೂಗಿ ಹೇಳುತ್ತಾನೆ.

ಊರನ್ನು ಒಂಟಿ ಮಾಡಲು ಕಾಡು, ಮರುಭೂಮಿ ನಮಗಿಲ್ಲ. ಬೈಪಾಸ್ ಇದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಮುಟ್ಟದೆ ವಾಹನಗಳು ಹಾದುಹೋಗುತ್ತವೆ, ಹಳೆಯ ರಸ್ತೆಯ ಹೋಟೆಲುಗಳು ಖಾಲಿ ಬಿದ್ದವು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಇದನ್ನು ಕತೆಗಾರನ ಕಣ್ಣಲ್ಲಿ ನೋಡಿ. ಕಬ್ಬಿನ ಟ್ರ್ಯಾಕ್ಟರು ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದೆ, ಖಳನ ಕಾರು ಬೇಲಿಯಾಚೆ ಮುಖ್ಯ ಪಥದಲ್ಲಿ. ಕೈಯಳತೆಯಲ್ಲಿ ಕಾಣುತ್ತಾನೆ, ಆದರೆ ಮುಂದಿನ ಇಳಿದಾರಿಯವರೆಗೆ ಮುಟ್ಟಲಾಗದು. ಗಂಟೆಗೆ 20 ಕಿಲೋಮೀಟರಿನ ಚೇಸ್. ಹೆದ್ದಾರಿಯ ಮೇಲೆ ಕಾರು ನಿಲ್ಲಿಸಿ ಶೂಟ್ ಮಾಡುವ ಹುಚ್ಚು ಬೇಡ. ಕಾರಿನೊಳಗಿನ ಶಾಟುಗಳನ್ನು ಹಳೆಯ ರಸ್ತೆಯಲ್ಲಿ ತೆಗೆದು, ಬೇಲಿಯನ್ನು ಸರ್ವಿಸ್ ರಸ್ತೆಯಿಂದ ಹಿಡಿದು, ಸಂಕಲನದಲ್ಲಿ ಜೋಡಿಸಿ.

ಲೆಕ್ಕಕ್ಕೆ ಬರೋಣ. 85 ನಿಮಿಷದ ಚಿತ್ರ, 18 ದಿನದ ಶೂಟಿಂಗ್, 22 ಜನರ ತಂಡ. ಮೂರೇ ಹೊಡೆದಾಟ, ಒಟ್ಟು 8 ನಿಮಿಷ, ಅವಕ್ಕೆ 6 ದಿನ. ಉಳಿದ 77 ನಿಮಿಷಕ್ಕೆ 12 ದಿನ, ದಿನಕ್ಕೆ ಆರೂವರೆ ನಿಮಿಷದಷ್ಟು. ಇದು ಭಾರವೇ. ಜಾಗ ಬದಲಿಸದೆ ಇದ್ದರೆ ಮಾತ್ರ ಸಾಧ್ಯ. ಒಮ್ಮೆ ಜಾಗ ಬದಲಿಸಿದರೆ ಸಾಮಾನು ಕಟ್ಟಿ, ಸಾಗಿಸಿ, ಬಿಚ್ಚುವುದರಲ್ಲಿ ಎರಡರಿಂದ ಮೂರು ಗಂಟೆ ಹೋಗುತ್ತದೆ. ಆದ್ದರಿಂದ ಆರು ಜಾಗ ಸಾಕು, ಎಲ್ಲವೂ ಐದು ಕಿಲೋಮೀಟರಿನೊಳಗೆ: ವೇಬ್ರಿಡ್ಜ್, ಮೆಸ್, ಠಾಣೆ, ತಾಲ್ಲೂಕು ಕಚೇರಿಯ ಒಂದು ಕೋಣೆ, ಕಬ್ಬಿನ ಗದ್ದೆ, ಆಲೆಮನೆ. ಠಾಣೆಯನ್ನೂ ಕಚೇರಿಯನ್ನೂ ಹಳೆಯ ಶಾಲಾ ಕಟ್ಟಡವೊಂದರಲ್ಲೇ ಮಾಡಿಕೊಳ್ಳಬಹುದು, ಗೋಡೆಯ ಕೆಳಗಿನ ಮೂರಡಿಗೆ ಬೇರೆ ಬಣ್ಣ ಹೊಡೆದರಾಯಿತು. ಊಟದ ಲೆಕ್ಕ 22 ಜನ, 18 ದಿನ, ಮೂರು ಹೊತ್ತು, 1,188 ಊಟ. ಇದನ್ನು ಮೊದಲು ಬರೆಯಿರಿ, ಲೆನ್ಸ್ ಬಾಡಿಗೆಯನ್ನು ಆಮೇಲೆ.

ಕಬ್ಬಿನ ಗದ್ದೆ ಕಡಿಮೆ ದುಡ್ಡಿನ ಚಿತ್ರಕ್ಕೆ ಸಿಕ್ಕ ದೊಡ್ಡ ಸೆಟ್ಟು. ಎಂಟು ತಿಂಗಳಾದ ಮೇಲೆ ಆಳು ಕಾಣದಷ್ಟು ಎತ್ತರ, ನಾಲ್ಕು ಸಾಲು ದಾಟಿದರೆ ದಿಕ್ಕು ತಪ್ಪುತ್ತದೆ, ಹತ್ತು ಜನರನ್ನು ಐವತ್ತು ಜನರಂತೆ ತೋರಿಸುತ್ತದೆ. ತೊಂದರೆಗಳೂ ಅಷ್ಟೇ ಇವೆ. ಮೊದಲನೆಯದು, ಶೂಟಿಂಗಿನ ಮಧ್ಯೆ ರೈತನಿಗೆ ಕಟಾವಿನ ಆದೇಶ ಬಂದರೆ ನಿಮ್ಮ ಸೆಟ್ಟು ಒಂದೇ ದಿನದಲ್ಲಿ ಲಾರಿ ಹತ್ತಿ ಹೋಗುತ್ತದೆ. ಗದ್ದೆ ದೃಶ್ಯಗಳನ್ನು ಮೊದಲ ನಾಲ್ಕು ದಿನದಲ್ಲೇ ಮುಗಿಸಿ. ಎರಡನೆಯದು, ಹೊಡೆದಾಟದಲ್ಲಿ ಮುರಿಯುವ ಕಬ್ಬಿಗೆ ಮೊದಲೇ ಗುಂಟೆ ಲೆಕ್ಕದಲ್ಲಿ ಮಾತಾಡಿ. ಎಕರೆಗೆ 40 ಟನ್ ಎಂದುಕೊಂಡರೆ ಗುಂಟೆಗೆ ಒಂದು ಟನ್, ಮೂರು ಗುಂಟೆ ತುಳಿದರೆ ಹತ್ತು ಸಾವಿರ ರೂಪಾಯಿ. ಬೆಳೆ ಹಾಳುಮಾಡಿ ಐನೂರು ಕೈಗಿಟ್ಟು ಹೋದ ತಂಡದ ಹಿಂದೆ ಬರುವವರಿಗೆ ಆ ಊರಿನಲ್ಲಿ ನೀರೂ ಹುಟ್ಟುವುದಿಲ್ಲ. ಮೂರನೆಯದು ಮೈ. ಗರಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಸುಂಕು ಚುಚ್ಚಿ ಕೆರೆತ ಹಿಡಿಯುತ್ತದೆ. ತುಂಬುತೋಳಿನ ಅಂಗಿ ಪಾತ್ರಕ್ಕೂ ಸರಿ, ಚರ್ಮಕ್ಕೂ ಸರಿ. ಇಲಿ ಇರುವ ಕಡೆ ಹಾವಿರುತ್ತದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯೆಂದು ಶೂಟಿಂಗಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಮಂಡ್ಯ, ತಿ. ನರಸೀಪುರದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ರಾತ್ರಿ ಗದ್ದೆಯೊಳಗೆ ಹೋಗಲೇಬೇಡಿ.

ಹಾಗಾದರೆ ರಾತ್ರಿ ದೃಶ್ಯ? ಹಗಲಲ್ಲೇ ತೆಗೆಯಿರಿ. ಹಗಲನ್ನು ಇರುಳು ಮಾಡುವ ಹಳೆಯ ಉಪಾಯ ಕೆಡುವುದು ಆಕಾಶ ಕಂಡಾಗ. ಗದ್ದೆಯ ಒಳಗೆ ಆಕಾಶವೇ ಕಾಣದು. ಸೂರ್ಯ ಪಾತ್ರದ ಹಿಂದೆ ಇರಲಿ, ಎಕ್ಸ್‌ಪೋಷರನ್ನು ಎರಡು ಸ್ಟಾಪ್ ಇಳಿಸಿ ಕತ್ತಲು ಮಾಡಿ, ಬಣ್ಣ ನೀಲಿಗೆ ತಿರುಗುವಂತೆ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಡಿ, ಕ್ಯಾಮೆರಾವನ್ನು ಎದೆಮಟ್ಟಕ್ಕಿಂತ ಮೇಲೆತ್ತಿ ಆಕಾಶ ತೋರಿಸಬೇಡಿ. ಗದ್ದೆಯ ಅಂಚಿನಲ್ಲಿ ನಿಜವಾದ ಇರುಳಿನ ಎರಡೇ ಶಾಟು, ಟ್ರ್ಯಾಕ್ಟರಿನ ಹೆಡ್‌ಲೈಟಿನಲ್ಲಿ ತೆಗೆದು ಮಧ್ಯೆ ಸೇರಿಸಿದರೆ ಕಣ್ಣು ನಂಬುತ್ತದೆ. ವೇಬ್ರಿಡ್ಜಿನ ಕೆಂಪಂಕಿ ಕ್ಯಾಮೆರಾದಲ್ಲಿ ಮಿನುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಸೆಕೆಂಡಿಗೆ 25 ಫ್ರೇಮಿಗೆ 180 ಡಿಗ್ರಿ, 24 ಫ್ರೇಮಿಗೆ 172.8 ಡಿಗ್ರಿ ಶಟರ್ ಇಟ್ಟರೆ ನಿಲ್ಲುತ್ತದೆ. ಅಂಕಿ ಫಲಕದ ಮಿನುಗು ಬೇರೆ ಲೆಕ್ಕದ್ದು, ಅದನ್ನು ಹಿಂದಿನ ದಿನವೇ ಹೋಗಿ ಪರೀಕ್ಷಿಸಬೇಕು.

ಹೊಡೆದಾಟ ಮೂರೇ ಎಂದೆ. 1955ರ 'ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್' 81 ನಿಮಿಷದ ಚಿತ್ರ. ರೈಲಿಳಿದು ಬಂದ ಒಂಟಿಗೈಯ ನಾಯಕ ಎಲ್ಲ ಅವಮಾನ ನುಂಗಿಕೊಂಡು ಬಂದು ಕೈ ಎತ್ತುವುದು ಹೋಟೆಲಿನಲ್ಲಿ, ಒಂದೇ ಸಲ. ಆ ಹೊಡೆತ ಎಪ್ಪತ್ತು ವರ್ಷದ ಮೇಲೂ ನೆನಪಿರುವುದು ಅದರ ಹಿಂದಿನ ಸುಮ್ಮನಿರುವಿಕೆಯಿಂದ. ನಮ್ಮ ಮೊದಲನೆಯದು ಚಿಕ್ಕದಿರಲಿ, ಮೆಸ್ಸಿನಲ್ಲಿ, 40 ಸೆಕೆಂಡು, ನಾಯಕ ಸುಮ್ಮನೆ ತಪ್ಪಿಸಿಕೊಳ್ಳುತ್ತಾನೆ. ಎರಡನೆಯದರಲ್ಲಿ ಅವನು ಸೋಲಬೇಕು, ಗದ್ದೆಯಲ್ಲಿ. ಮೂರನೆಯದು ಆಲೆಮನೆಯಲ್ಲಿ. ಲಾಂಗು ಮಚ್ಚಿನ ಗುಂಪು ಕನ್ನಡದಲ್ಲಿ ಸಾಕಷ್ಟು ಬಂದಿದೆ. ಇಲ್ಲಿ ಕಬ್ಬು ಕಡಿಯುವ ಮಚ್ಚು ಎಲ್ಲರ ಸೊಂಟದಲ್ಲೂ ಇದ್ದು ಯಾರೂ ಎತ್ತದಿದ್ದರೆ ಅದೇ ಹೆಚ್ಚು ಭಯ. ಎತ್ತುವ ಶಾಟಿಗೆ ರಬ್ಬರಿನದು, ದೂರದ ಶಾಟಿಗೆ ಬಣ್ಣ ಬಳಿದ ಮರದ್ದು; ನಿಜವಾದದ್ದು ಯಾರ ಮೈಹತ್ತಿರವೂ ಬರಕೂಡದು. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಆಲೆಮನೆಯ ನಕ್ಷೆ ಎಳೆದು ಐದು ದಿನ ಅಭ್ಯಾಸ ಮಾಡಿಸಿ. ಗುದ್ದಿಗೂ ಮುಖಕ್ಕೂ ಒಂದು ಗೇಣು ಅಂತರವಿದ್ದರೂ, ಕ್ಯಾಮೆರಾ ಗುದ್ದಿನ ಗೆರೆಯಲ್ಲೇ ನಿಂತು ಉದ್ದನೆಯ ಲೆನ್ಸ್ ಹಾಕಿದರೆ ಆ ಅಂತರ ಕಾಣುವುದಿಲ್ಲ. ಪಕ್ಕದಿಂದ ತೆಗೆದರೆ ಸುಳ್ಳು ಬಯಲಾಗುತ್ತದೆ. 24ರ ಬದಲು 22 ಫ್ರೇಮಿನಲ್ಲಿ ತೆಗೆದರೆ ನೂರಕ್ಕೆ ಒಂಬತ್ತರಷ್ಟು ಚುರುಕು ಸಿಗುತ್ತದೆ. ಇನ್ನೂ ಇಳಿಸಿದರೆ ಮೂಕಿ ಚಿತ್ರದಂತಾಗುತ್ತದೆ.

ಆಲೆಮನೆ ನೋಡಲು ಎಷ್ಟು ಚೆಂದವೋ ಅಷ್ಟೇ ಅಪಾಯ. ಕುದಿಯುವ ಕೊಪ್ಪರಿಗೆ, ತಿರುಗುವ ಗಾಣದ ಬೆಲ್ಟು, ಬೆಲ್ಲದ ಅಂಟಿನಿಂದ ಜಾರುವ ನೆಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದ ಮೇಲೆ ಆ ಹೊಗೆಯ ಹಿಂದೆ ಏನೂ ಇರಬಹುದೆಂಬ ಅಳುಕು ಜನರ ಮನಸ್ಸಿನಲ್ಲಿ ಉಳಿದಿದೆ. ಶೂಟಿಂಗ್ ದಿನ ಒಲೆ ಆರಿರಬೇಕು, ಗಾಣದ ಬೆಲ್ಟು ಬಿಚ್ಚಿಟ್ಟಿರಬೇಕು. ಹಬೆಗೆ ಹೊಗೆಯಂತ್ರ ಸಾಕು. ಕುದಿಯುವ ಕಬ್ಬಿನ ಹಾಲಿನ ಶಾಟುಗಳನ್ನು ಕಲಾವಿದರಿಲ್ಲದ ಇನ್ನೊಂದು ದಿನ, ಕೆಲಸದವರು ತಮ್ಮ ಪಾಡಿಗೆ ತಾವು ಮಾಡುವಾಗ ಹಿಡಿಯಿರಿ. ನೆಲ ತೊಳೆಸಿ ಮರಳು ಎರಚಿ. ಒಣಗಿದ ಕಬ್ಬಿನ ಸಿಪ್ಪೆ, ತರಗು ಅಲ್ಲೇ ರಾಶಿ ಬಿದ್ದಿರುತ್ತವೆ, ಒಂದು ಬೀಡಿ ಕಿಡಿಗೆ ಹೊತ್ತಿಕೊಳ್ಳುತ್ತವೆ.

ಬೆಂಕಿಯ ಮಾತನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಗೆ 62 ಜನ ಸತ್ತರು. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ಕಲಾವಿದರು ಲೈಫ್ ಜಾಕೆಟ್ ಇಲ್ಲದೆ ಮುಳುಗಿದರು. 2018ರಲ್ಲಿ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜೀವ ಹೋದದ್ದು ಸಿನಿಮಾಕ್ಕೆ ಸಂಬಂಧಿಸಿದ್ದಲ್ಲ, ಆದರೆ ಆ ನಾಲೆ ಏರಿಯ ಮೇಲೆ ಕಾರು ಓಡಿಸುವ ಶಾಟು ಬರೆಯುವವರು ಅದನ್ನು ನೆನೆಯಬೇಕು. ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಕಲ್ಲಿನ ಇಳಿಜಾರಿನಲ್ಲಿ ಪಾಚಿ ಹಿಡಿದಿರುತ್ತದೆ, ಬಿದ್ದವನಿಗೆ ಹತ್ತಲು ಹಿಡಿ ಸಿಗುವುದಿಲ್ಲ. ಕತೆಗೆ ನಾಲೆ ಬೇಕಿದ್ದರೆ ನೀರು ನಿಲ್ಲಿಸಿದ ಸರದಿಯಲ್ಲಿ ಹೋಗಿ. ಒಣ ನಾಲೆಯ ತಳದಲ್ಲಿ ಒಂದು ಚಪ್ಪಲಿ ಬಿದ್ದಿರುವ ಶಾಟು ಮುಳುಗುವ ಶಾಟಿಗಿಂತ ಹೆಚ್ಚು ಕಾಡುತ್ತದೆ.

ರಕ್ತ, ಗಾಜು ಇತ್ಯಾದಿ ಚಿಲ್ಲರೆ ವಿಷಯ, ಆದರೆ ದಿನ ಹಾಳಾಗುವುದು ಇವುಗಳಿಂದಲೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸಿಗೆ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಸೇರಿಸಿದರೆ ಒಳ್ಳೆಯ ರಕ್ತ. ಆದರೆ ಆಲೆಮನೆಯಲ್ಲಿ ಅದನ್ನು ಮೈಗೆ ಬಳಿದರೆ ಹತ್ತು ನಿಮಿಷದಲ್ಲಿ ಇರುವೆ, ನೊಣ, ಜೇನು ಎಲ್ಲ ಬರುತ್ತವೆ. ಅಲ್ಲಿಗೆ ಪಾತ್ರೆ ತೊಳೆಯುವ ದ್ರಾವಣದಲ್ಲಿ ಬಣ್ಣ ಕಲಸಿ ಬಟ್ಟೆಗೆ ಮಾತ್ರ ಹಚ್ಚಿ, ಒಗೆದರೆ ಹೋಗುತ್ತದೆ, ಬಾಯಿ ಕಣ್ಣಿನ ಹತ್ತಿರ ಬೇಡ. ನಾಯಕನ ಅಂಗಿ ಒಂದೇ ಥಾನಿನಿಂದ ನಾಲ್ಕು ಹೊಲಿಸಿ. ಒಡೆಯುವ ಸೀಸೆಗೆ ಸಕ್ಕರೆ 7 ಪಾಲು, ನೀರು 4, ಗ್ಲೂಕೋಸ್ 2, ಥರ್ಮಾಮೀಟರಿನಲ್ಲಿ 150 ಡಿಗ್ರಿಯವರೆಗೆ ಕಾಯಿಸಿ ಅಚ್ಚಿಗೆ ಹೊಯ್ಯಬೇಕು. ಮಳೆಗಾಲದ ತೇವಕ್ಕೆ ಅದು ಸಂಜೆಗೆ ಅಂಟಂಟಾಗಿ ಬಾಗುತ್ತದೆ. ಬೆಳಗಿನ ಜಾವ ಮಾಡಿ ಮಧ್ಯಾಹ್ನದೊಳಗೆ ಒಡೆದು ಮುಗಿಸಿ.

ಮುಖಗಳಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಊರವರನ್ನೇ ಇಟ್ಟು ರಾಮ್ ರೆಡ್ಡಿ ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಈ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಕಡಿಮೆ, ದುರ್ಯೋಧನನ ಪಾತ್ರಕ್ಕೆ ಹೆಸರಾದ ರೈತರು ಹೋಬಳಿಗೊಬ್ಬರು ಸಿಗುತ್ತಾರೆ. ಲೀಡರಿನ ಪಾತ್ರಕ್ಕೆ ಅಂಥವರನ್ನೇ ಕೇಳಿ. ಆ ಎದೆ, ಆ ನಡಿಗೆ ಕಲಿಸಿ ಬರುವುದಲ್ಲ. ಒಂದೇ ಕಷ್ಟ: ರಂಗದ ಮೇಲಿನ ದನಿ ಕ್ಯಾಮೆರಾದ ಮುಂದೆ ಸಿಡಿಯುತ್ತದೆ. ಎದುರಿಗೆ ಮಲಗಿದ ಮಗುವಿದೆ ಎಂದುಕೊಂಡು ಹೇಳಿ ಎಂದರೆ ದನಿ ತಾನೇ ಇಳಿಯುತ್ತದೆ, ಮಾತಿನ ತೂಕ ಇಳಿಯುವುದಿಲ್ಲ. ಧ್ವನಿಯನ್ನು ಸ್ಥಳದಲ್ಲೇ ಹಿಡಿಯುವುದಾದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಬಳಿ ಮೂರು ಫೇಸ್ ಕರೆಂಟಿನ ವೇಳೆ ಕೇಳಿಕೊಳ್ಳಿ, ಆ ಹೊತ್ತಿಗೆ ಸುತ್ತಲ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಧನುರ್ಮಾಸದಲ್ಲಿ ಬೆಳಗಿನ ಐದಕ್ಕೆ ದೇವಸ್ಥಾನದ ಮೈಕು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಾಡಿಗಂತೂ ಹೊತ್ತಿಲ್ಲ. ಹಾಡು ಹಿನ್ನೆಲೆಗೆ ಸೇರಿದರೆ ಹಕ್ಕಿನ ತಕರಾರು ಬರುತ್ತದೆ, ಆ ಟೇಕು ಬಿಡಲೇಬೇಕು.

ಅನುಮತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಗ್ರಾಮ ಪಂಚಾಯಿತಿ, ಠಾಣೆ ಎರಡಕ್ಕೂ ಲಿಖಿತವಾಗಿ ತಿಳಿಸಿ, ಖಾಕಿ ತೊಟ್ಟವರು ಸೆಟ್ಟಿನ ಹೊರಗೆ ತಿರುಗದಂತೆ ನೋಡಿಕೊಳ್ಳಿ. ಕೆಆರ್‌ಎಸ್ ಬಳಿ, ಮೈಸೂರು ವಿಮಾನ ನಿಲ್ದಾಣದ ಸುತ್ತ ಡ್ರೋನ್ ಎತ್ತುವ ಮುಂಚೆ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ಡಿಜಿಟಲ್ ಸ್ಕೈ ನಕ್ಷೆ ನೋಡಬೇಕು. ಎತ್ತಿನಗಾಡಿ ಚೌಕಟ್ಟಿಗೆ ಬಂದರೂ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು, ಅದಿಲ್ಲದೆ ಸೆನ್ಸಾರಿನಲ್ಲಿ ಸಿಕ್ಕಿಕೊಂಡ ಚಿಕ್ಕ ಚಿತ್ರಗಳು ಕಮ್ಮಿಯಿಲ್ಲ. ಸೆನ್ಸಾರಿನ ಯುಎ ದರ್ಜೆ ಈಗ ವಯಸ್ಸಿನ ಮೇಲೆ 7, 13, 16 ಎಂದು ಮೂರಾಗಿದೆ. ಎ ಸಿಕ್ಕರೆ ಕತ್ತರಿಸಿ ಮತ್ತೆ ಪ್ರಮಾಣಪತ್ರ ಪಡೆಯುವವರೆಗೆ ಟಿವಿ ಹಕ್ಕಿನ ದಾರಿ ಮುಚ್ಚುತ್ತದೆ, ಸಣ್ಣ ಚಿತ್ರಕ್ಕೆ ಅದು ದೊಡ್ಡ ಪೆಟ್ಟು. ಊರಿಗೆ ನಿಜವಾದ ಹೆಸರಿಡಬೇಡಿ. ಕೊಪ್ಪಲು, ದೊಡ್ಡಿ ಎಂದು ಕೊನೆಯಾಗುವ ಕಲ್ಪನೆಯ ಹೆಸರು ಸಾಕು, ಮಂಡ್ಯದ ವಾಸನೆ ಅದರಲ್ಲೇ ಬರುತ್ತದೆ.

ಬಸ್ಸು ಮಾತ್ರ ಬಾಡಿಗೆಗೆ ತೆಗೆದುಕೊಳ್ಳಲೇಬೇಕು, ಒಂದು ದಿನಕ್ಕೆ. ಅವನು ಇಳಿಯುವ ಶಾಟು ಬೆಳಗ್ಗೆ ಏಳಕ್ಕೆ, ಹತ್ತುವ ಶಾಟು ಸಂಜೆ ಐದೂವರೆಗೆ, ಎರಡೂ ಅದೇ ದಿನ ಅದೇ ಜಾಗದಲ್ಲಿ, ಬೈಪಾಸಿನ ಕೆಳಸೇತುವೆಯ ಬಾಯಲ್ಲಿ. ಬರುವಾಗ ಕಂಡಕ್ಟರು "ಒಳಗೋಗಲ್ಲ, ಇಲ್ಲೇ ಇಳ್ಕೊ" ಎಂದು ಇಳಿಸಿದ್ದ. ಹೋಗುವಾಗ ನಾಯಕನ ಅಂಗಿ ಮೂರನೆಯದು, ಎಡಗೈಗೆ ಪಟ್ಟಿ, ಚೀಲ ಅದೇ. ನಡುವಿನ 85 ನಿಮಿಷ ಇನ್ನೂ ತೆಗೆದೇ ಇರುವುದಿಲ್ಲ, ಹಾಗಾಗಿ ಗಾಯ ಯಾವ ಬೆರಳಿಗೆ ಎಂದು ಅವತ್ತೇ ಬರೆದಿಡಿ, ಫೋಟೊ ತೆಗೆದಿಡಿ. ಮೆಸ್ಸಿನವಳು ಬಸ್‌ಸ್ಟಾಪಿಗೆ ಬರುವುದು ಬೇಡ. ಅವಳು ಅಷ್ಟು ಹೊತ್ತಿಗೆ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತಿರುತ್ತಾಳೆ, ಕೈಯಲ್ಲಿ ಪೌತಿ ಖಾತೆಯ ಅರ್ಜಿ. ಕಂಡಕ್ಟರು ಎಲ್ಲಿಗೆ ಎಂದು ಕೇಳುತ್ತಾನೆ. ಇವನು ಜೇಬಿಗೆ ಕೈ ಹಾಕಿದರೆ ಚಿಲ್ಲರೆಯ ಜೊತೆ ಆ ತೂಕದ ಚೀಟಿಯೂ ಬರಲಿ, ಅಂಕಿ ಪೂರ್ತಿ ಮಾಸಿರಲಿ. ಆ ಒಂದು ಚೀಟಿಯನ್ನು ಮಾತ್ರ ಹಿಂದಿನ ದಿನ ಬಿಸಿಲಿಗಿಟ್ಟು ನಿಜವಾಗಿಯೇ ಮಾಸಿಸಿ.